ಹಳೆಯ ಲ್ಯಾಪ್‌ಟಾಪಿಗೆ ಹೊಸ ಹಾರ್ಡ್ ಡಿಸ್ಕ್ ಜೋಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿಯ ನಮ್ಮ ಡಿಟಿಪಿ ಅಂಗಡಿಗೆ ಜೆರಾಕ್ಸ್ ಮಾಡಿಸಲು ಬರುವವರ ಜೊತೆಗೆ, ಒಂದು ಕೈಯಲ್ಲಿ ಮಗಳು ಬೆಂಗಳೂರಿನಿಂದ ತಂದುಕೊಟ್ಟ, ಯುಎಸ್‌ಬಿ ಪೋರ್ಟಿಗೆ ಹಾಕುವ ಹೊಸ ಡ್ರೈವನ್ನೂ ಇನ್ನೊಂದು ಕೈಯಲ್ಲಿ ಹನ್ನೆರಡು ಹದಿಮೂರು ವರ್ಷದ ಲ್ಯಾಪ್‌ಟಾಪನ್ನೂ ಹಿಡಿದುಕೊಂಡು ಬರುವವರು ಈಚೆಗೆ ಹೆಚ್ಚಾಗಿದ್ದಾರೆ. ಹಳೆಯ ಯಂತ್ರವನ್ನು ಅವರು ಬಿಡಲಾರರು. ತೋಟದ ಲೆಕ್ಕ, ಪಹಣಿಯ ಸ್ಕ್ಯಾನ್, ರಾತ್ರಿಯಿಡೀ ಕುಳಿತು ಧ್ವನಿಮುದ್ರಿಸಿಕೊಂಡ ತಾಳಮದ್ದಲೆ, ನುಡಿ ಮತ್ತು ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಕಡತಗಳು ಎಲ್ಲವೂ ಅದರಲ್ಲೇ ಇರುತ್ತವೆ. ಅವರು ಕೇಳುವ ಪ್ರಶ್ನೆಗಳನ್ನೂ ನಾನು ಕೊಡುವ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಪಿನ್ನು ಕೂರುತ್ತದೋ ಇಲ್ಲವೋ ಎಂದು ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ, ಆದರೆ ನಾನು ಕಂಡಂತೆ ಬಹುಪಾಲು ತೊಂದರೆಗಳ ಬೇರು ಇರುವುದು ಕರೆಂಟಿನಲ್ಲಿ.

ನನ್ನ ಲ್ಯಾಪ್‌ಟಾಪಿನಲ್ಲಿರುವುದು ಯಾವ ಯುಎಸ್‌ಬಿ ಎಂದು ತಿಳಿಯುವುದು ಹೇಗೆ?

ಟಾರ್ಚ್ ಹಿಡಿದು ಪೋರ್ಟಿನ ಒಳಗೆ ನೋಡಬೇಕು. ಒಳಗಿನ ಪ್ಲಾಸ್ಟಿಕ್ ನಾಲಿಗೆ ಕಪ್ಪು ಅಥವಾ ಬಿಳಿ ಇದ್ದರೆ ಸಾಮಾನ್ಯವಾಗಿ ಅದು ಹಳೆಯ, ನಿಧಾನದ ಪೀಳಿಗೆಯಾದ 2.0, ನೀಲಿ ಇದ್ದರೆ ಅದಕ್ಕಿಂತ ವೇಗದ 3.0. ಬಣ್ಣ ಕೇವಲ ರೂಢಿಯಾದ್ದರಿಂದ ಕೆಲವು ತಯಾರಕರು 3.0 ಪೋರ್ಟನ್ನೂ ಕಪ್ಪಾಗಿಯೇ ಬಿಟ್ಟಿದ್ದಾರೆ. ಅಂಥಲ್ಲಿ ಪೋರ್ಟಿನ ಪಕ್ಕದಲ್ಲಿ ‘ಎಸ್ಎಸ್’ ಎಂಬ ಅಕ್ಷರಗಳಿವೆಯೇ ಎಂದು ನೋಡಬೇಕು. ಇನ್ನೂ ಖಚಿತವಾಗಿ ತಿಳಿಯಬೇಕಾದರೆ ಲೋಹದ ಪಟ್ಟಿಗಳನ್ನು ಎಣಿಸಬಹುದು: 2.0ರಲ್ಲಿ ನಾಲ್ಕೇ ಪಟ್ಟಿಗಳಿರುತ್ತವೆ, 3.0ರಲ್ಲಿ ಆ ನಾಲ್ಕಲ್ಲದೆ ಇನ್ನೂ ಐದು ಇರುತ್ತವೆ.

ಯುಎಸ್‌ಬಿ 2.0 ಬಂದದ್ದು 2000ದಲ್ಲಿ, 3.0 ಪ್ರಕಟವಾದದ್ದು 2008ರ ನವೆಂಬರಿನಲ್ಲಿ. ಆದರೆ ಇಂಟೆಲ್ ತನ್ನ ಚಿಪ್‌ಸೆಟ್ಟಿನಲ್ಲೇ 3.0 ಅನ್ನು ಸೇರಿಸಿದ್ದು 2012ರಲ್ಲಿ. ಹಾಗಾಗಿ ಅದಕ್ಕಿಂತ ಹಿಂದಿನ ಲ್ಯಾಪ್‌ಟಾಪಿನಲ್ಲಿ ನೀಲಿ ಪೋರ್ಟ್ ಕಂಡರೆ ಅದೃಷ್ಟ ಎಂದುಕೊಳ್ಳಿ. 2012ರ ಆಸುಪಾಸಿನ ಎಷ್ಟೋ ಯಂತ್ರಗಳಲ್ಲಿ ಎಡಗಡೆ ಒಂದು ನೀಲಿ, ಬಲಗಡೆ ಎರಡು ಕಪ್ಪು ಎಂಬಂತೆ ಮಿಶ್ರವಾಗಿಯೂ ಇರುತ್ತದೆ. ಆದ್ದರಿಂದ ಎಲ್ಲ ಪೋರ್ಟುಗಳನ್ನೂ ನೋಡದೆ ತೀರ್ಮಾನಕ್ಕೆ ಬರಬೇಡಿ.

ಹೊಸ ಡ್ರೈವಿನ ಕೇಬಲ್ಲಿನ ಎರಡೂ ತುದಿ ಟೈಪ್-ಸಿ. ನನ್ನದರಲ್ಲಿ ಅಂಥ ಪೋರ್ಟೇ ಇಲ್ಲ. ಏನು ಮಾಡಬೇಕು?

ಒಂದು ತುದಿ ಟೈಪ್-ಸಿ, ಇನ್ನೊಂದು ತುದಿ ಹಳೆಯ ಚಪ್ಪಟೆ ಟೈಪ್-ಎ ಇರುವ ಕೇಬಲ್ ಕೊಂಡರೆ ಸಾಕು. ಟೈಪ್-ಸಿ ಎಂಬುದು ಪಿನ್ನಿನ ಆಕಾರದ ಹೆಸರೇ ಹೊರತು ವೇಗದ ಹೆಸರಲ್ಲ. ಯುಎಸ್‌ಬಿ ಡ್ರೈವುಗಳು ಹಿಂದಿನ ಪೀಳಿಗೆಯ ಪೋರ್ಟಿಗೂ ಹೊಂದಿಕೊಳ್ಳುವಂತೆಯೇ ತಯಾರಾಗಿರುತ್ತವೆ. ಕೊಳ್ಳುವಾಗ ಮಾತ್ರ ಅದು ‘ಡೇಟಾ ಕೇಬಲ್’ ಹೌದೇ ಎಂದು ಕೇಳಿ ಕೊಳ್ಳಿ. ಫೋನ್ ಚಾರ್ಜಿಂಗಿಗಾಗಿಯೇ ಮಾರುವ ಕೆಲವು ಕೇಬಲ್ಲುಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ.

ಬೆರಳ ತುದಿಯಷ್ಟಿರುವ ಪುಟ್ಟ ಕನ್ವರ್ಟರುಗಳೂ ಸಿಗುತ್ತವೆ. ತುರ್ತಿಗೆ ಅವು ಆದೀತು. ಆದರೆ ಸಡಿಲವಾದ ಹಳೆಯ ಪೋರ್ಟಿಗೆ ಕನ್ವರ್ಟರ್, ಅದಕ್ಕೆ ಕೇಬಲ್, ಅದಕ್ಕೆ ಡ್ರೈವ್ ಎಂದು ಜೋತುಬಿದ್ದಾಗ ಮೇಜು ಸ್ವಲ್ಪ ಅಲುಗಿದರೂ ಸಂಪರ್ಕ ಕಡಿದುಹೋಗುತ್ತದೆ. ಒಂದೇ ತುಂಡಿನ, ಅರ್ಧ ಮೀಟರ್ ಮೀರದ ಕೇಬಲ್ಲೇ ನನ್ನ ಆಯ್ಕೆ.

ಡ್ರೈವಿನ ಲೈಟ್ ಉರಿಯುತ್ತದೆ, ಆದರೆ ಕಂಪ್ಯೂಟರಿನಲ್ಲಿ ಕಾಣಿಸುವುದೇ ಇಲ್ಲ. ಡಿಸ್ಕ್ ಹಾಳಾಗಿದೆಯೇ?

ಅಷ್ಟು ಬೇಗ ಹಾಗೆ ತೀರ್ಮಾನಿಸಬೇಡಿ. ಯುಎಸ್‌ಬಿ 2.0 ಪೋರ್ಟ್ ನಿಯಮದ ಪ್ರಕಾರ ಕೊಡುವುದು 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್, ಅಂದರೆ ಎರಡೂವರೆ ವ್ಯಾಟ್. 3.0 ಪೋರ್ಟ್ 900 ಮಿಲಿಆಂಪಿಯರ್, ಅಂದರೆ ನಾಲ್ಕೂವರೆ ವ್ಯಾಟ್ ಕೊಡುತ್ತದೆ. ಅಂಗೈಯಗಲದ ಎರಡೂವರೆ ಇಂಚಿನ ಹಾರ್ಡ್ ಡಿಸ್ಕ್ ಒಮ್ಮೆ ತಿರುಗಲಾರಂಭಿಸಿದ ಮೇಲೆ ಕಡಿಮೆ ಕರೆಂಟಿನಲ್ಲಿ ನಡೆಯುತ್ತದೆ, ಆದರೆ ನಿಂತ ತಟ್ಟೆಯನ್ನು ತಿರುಗಿಸುವ ಮೊದಲ ಕ್ಷಣಗಳಲ್ಲಿ ಅದು ಒಂದು ಆಂಪಿಯರಿನ ಹತ್ತಿರಕ್ಕೂ ಎಳೆಯಬಹುದು. ತೋಟದ ಪಂಪ್‌ಸೆಟ್ಟಿನ ಮೋಟಾರು ಶುರುವಾಗುವಾಗ ಮನೆಯ ಬಲ್ಬು ಒಮ್ಮೆ ಮಂಕಾಗುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೈಟ್ ಉರಿಯುವುದಕ್ಕೆ ಕೆಲವೇ ಮಿಲಿಆಂಪಿಯರ್ ಸಾಕಾದ್ದರಿಂದ ಅದು ಉರಿದಿದೆ ಎಂಬುದರಿಂದ ಏನೂ ಸಾಬೀತಾಗುವುದಿಲ್ಲ.

ಕಿವಿಯನ್ನು ಡ್ರೈವಿನ ಹತ್ತಿರ ತಂದು ಕೇಳಿ, ಡ್ರೈವನ್ನು ಅಲುಗಿಸಬೇಡಿ. ಕರೆಂಟ್ ಸಾಲದಿದ್ದರೆ ಸಣ್ಣಗೆ ‘ಗುಂಯ್’ ಎಂದು ಮೇಲೇರಿದ ಸದ್ದು ಅರ್ಧಕ್ಕೇ ಇಳಿದು, ‘ಟಿಕ್’ ಎಂದು ನಿಂತು, ಎರಡು ಸೆಕೆಂಡಿನ ನಂತರ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಕೆಟ್ಟ ಡಿಸ್ಕ್ ಕೂಡ ಟಿಕ್ ಟಿಕ್ ಎನ್ನುತ್ತದೆ, ನಿಜ. ಎರಡರ ನಡುವಿನ ವ್ಯತ್ಯಾಸ ತಿಳಿಯಲು ಅದನ್ನು ಗಿಡ್ಡ ಕೇಬಲ್ಲಿನಲ್ಲಿ, ಬೇರೊಂದು ಹೊಸ ಕಂಪ್ಯೂಟರಿಗೆ ಹಾಕಿ ನೋಡುವುದೇ ದಾರಿ. ಅಲ್ಲಿಯೂ ಅದೇ ಸದ್ದು ಬಂದರೆ ಕೂಡಲೇ ಕಿತ್ತಿಡಿ, ಮತ್ತೆ ಮತ್ತೆ ಪ್ರಯತ್ನಿಸಬೇಡಿ.

ಈ ಪಾಠ ನಾನು ಕಲಿತದ್ದು ಮುಜುಗರ ಪಟ್ಟು. ಸಾಗರದ ಕಡೆಯ ನಮ್ಮ ಭಾವ ತಂಗಿಯ ಮದುವೆಯ ಫೋಟೊಗಳಿದ್ದ ಡಿಸ್ಕ್ ತಂದಾಗ, ಸದ್ದು ಕೇಳಿದವನೇ ‘ಭಾವ, ಇದು ಹೋಯ್ತು’ ಎಂದುಬಿಟ್ಟಿದ್ದೆ. ಅವರು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲವಂತೆ. ಆಮೇಲೆ ನೆಂಟರ ಮನೆಯ ಹುಡುಗನೊಬ್ಬ ತನ್ನ ಲ್ಯಾಪ್‌ಟಾಪಿಗೆ ಬೇರೆ ಕೇಬಲ್ ಹಾಕಿ ನೋಡಿದರೆ ಎಲ್ಲ ಫೋಟೊಗಳೂ ಇದ್ದವು. ನನ್ನ ಬಳಿ ಇದ್ದದ್ದು ಎರಡು ಮೀಟರಿನ ತೆಳು ಕೇಬಲ್, ಹಾಕಿದ್ದು 2.0 ಪೋರ್ಟಿಗೆ. ಉದ್ದವಾದ ತೆಳು ತಂತಿಯಲ್ಲಿ ವೋಲ್ಟೇಜು ಇಳಿಯುತ್ತದೆ ಎಂಬುದು ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ.

ಹಾಗಾದರೆ ಹೆಚ್ಚಿನ ಕರೆಂಟ್ ಕೊಡುವುದು ಹೇಗೆ?

ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್, ಅಂದರೆ ಒಂದು ಪೋರ್ಟನ್ನು ಹಲವಾಗಿಸುವ ಪೆಟ್ಟಿಗೆ, ಕೊಳ್ಳುವುದು ಸರಿಯಾದ ದಾರಿ. ಡ್ರೈವ್ ಆಗ ಕರೆಂಟನ್ನು ಗೋಡೆಯ ಪ್ಲಗ್ಗಿನಿಂದ ಪಡೆಯುತ್ತದೆ, ಲ್ಯಾಪ್‌ಟಾಪಿನಿಂದ ಡೇಟಾ ಮಾತ್ರ ಹಾದುಹೋಗುತ್ತದೆ. ಅಡಾಪ್ಟರ್ ಇಲ್ಲದ ಹಬ್ಬಿನಿಂದ ಈ ವಿಷಯದಲ್ಲಿ ಏನೂ ಪ್ರಯೋಜನವಿಲ್ಲ. ಇರುವ ಅರೆಹೊಟ್ಟೆಯ ಕರೆಂಟನ್ನೇ ಅದು ನಾಲ್ವರಿಗೆ ಬಡಿಸುತ್ತದೆ.

ಎರಡನೆಯದು ವೈ ಕೇಬಲ್: ಒಂದು ತುದಿ ಡ್ರೈವಿಗೆ, ಇನ್ನೊಂದು ಕಡೆಯ ಎರಡು ಪಿನ್ನುಗಳು ಲ್ಯಾಪ್‌ಟಾಪಿನ ಎರಡು ಪೋರ್ಟುಗಳಿಗೆ. ಯುಎಸ್‌ಬಿಯ ನಿಯಮಗಳಿಗೆ ಇದು ಒಪ್ಪಿಗೆಯಿಲ್ಲದಿದ್ದರೂ ಬಳಕೆಯಲ್ಲಿ ಕೆಲಸ ಕೊಡುತ್ತದೆ. ಅಕ್ಕಪಕ್ಕದ ಎರಡು ಪೋರ್ಟುಗಳು ಒಳಗೆ ಒಂದೇ ಮೂಲದಿಂದ ಕರೆಂಟ್ ಹಂಚಿಕೊಳ್ಳುವ ಸಾಧ್ಯತೆ ಇರುವುದರಿಂದ, ಒಂದು ಪಿನ್ನನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಹಾಕಿ ನೋಡಿ.

ಇದ್ಯಾವುದೂ ಕೈಯಲ್ಲಿ ಇಲ್ಲದಾಗ ಲ್ಯಾಪ್‌ಟಾಪಿನ ಚಾರ್ಜರ್ ಹಾಕಿ, ಮೌಸ್, ಪೆನ್‌ಡ್ರೈವ್, ಡಾಂಗಲ್ ಎಲ್ಲವನ್ನೂ ತೆಗೆದು, ಡ್ರೈವ್ ಒಂದನ್ನೇ ಹಾಕಿ ನೋಡಿ. ಇಷ್ಟರಲ್ಲೇ ಸರಿಹೋದದ್ದೂ ಉಂಟು.

200 ಜಿಬಿ ನಕಲು ಮಾಡಲು ಎಷ್ಟು ಹೊತ್ತು ಬೇಕು?

2.0 ಪೋರ್ಟಿನ ಕಾಗದದ ಮೇಲಿನ ವೇಗ ಸೆಕೆಂಡಿಗೆ 480 ಮೆಗಾಬಿಟ್. ಅದನ್ನು ಎಂಟರಿಂದ ಭಾಗಿಸಿದರೆ 60 ಮೆಗಾಬೈಟ್ ಆಗುತ್ತದೆ, ಕೈಗೆ ಸಿಗುವುದು ಮಾತ್ರ 30ರಿಂದ 40. ಸೆಕೆಂಡಿಗೆ 35 ಮೆಗಾಬೈಟಿನ ಲೆಕ್ಕದಲ್ಲಿ 200 ಜಿಬಿಗೆ ಸುಮಾರು 95 ನಿಮಿಷ, ಒಂದು ಟಿಬಿಗೆ ಎಂಟು ಗಂಟೆ ಬೇಕು. 2000ಕ್ಕೂ ಹಿಂದಿನ 1.1 ಪೋರ್ಟಾದರೆ ಸೆಕೆಂಡಿಗೆ ಒಂದು ಮೆಗಾಬೈಟಿನ ಆಸುಪಾಸು. ಆಗ ಅದೇ 200 ಜಿಬಿಗೆ ಎರಡು ದಿನಕ್ಕೂ ಹೆಚ್ಚು ಹಿಡಿಯುತ್ತದೆ.

ಇದು ದೊಡ್ಡ ಕಡತಗಳ ಲೆಕ್ಕ. ಸಾವಿರಾರು ಸಣ್ಣ ಕಡತಗಳಿದ್ದರೆ ಇನ್ನೂ ನಿಧಾನ. ಅಂಥ ಫೋಲ್ಡರನ್ನು ಮೊದಲು ಒಂದೇ ಜಿಪ್ ಕಡತ ಮಾಡಿಕೊಂಡು ಕಳುಹಿಸುವುದು ಒಳ್ಳೆಯದು. ರಾತ್ರಿ ಊಟವಾದ ಮೇಲೆ ನಕಲಿಗೆ ಹಾಕಿ ಮಲಗುವವರು ‘ಸ್ಲೀಪ್’ ಆಗುವ ಅವಧಿಯನ್ನು ಪವರ್ ಸೆಟ್ಟಿಂಗಿನಲ್ಲಿ ರದ್ದು ಮಾಡಲು ಮರೆಯಬಾರದು. ಮರೆತರೆ ಬೆಳಗ್ಗೆ ಎದ್ದು ನೋಡಿದಾಗ ನಾಲ್ಕನೇ ಫೋಲ್ಡರಿನಲ್ಲೇ ನಿಂತಿರುತ್ತದೆ.

2.0 ಪೋರ್ಟ್ ಮಾತ್ರ ಇರುವ ಲ್ಯಾಪ್‌ಟಾಪಿನಲ್ಲಿ ವೇಗ ಹೆಚ್ಚಿಸಲು ದಾರಿ ಇದೆಯೇ?

ಮೂರು ದಾರಿಗಳಿವೆ. ಅವುಗಳಲ್ಲಿ ನನಗೆ ತುಂಬ ಮೆಚ್ಚುಗೆಯಾದದ್ದು ಯಾರೂ ಕೇಳದ ದಾರಿ: ಲ್ಯಾನ್ ಕೇಬಲ್. 2008ರ ನಂತರದ ಅನೇಕ ಲ್ಯಾಪ್‌ಟಾಪುಗಳಲ್ಲಿ ಗಿಗಾಬಿಟ್ ಲ್ಯಾನ್ ಪೋರ್ಟ್ ಇದೆ. ಅದರಲ್ಲಿ ಸೆಕೆಂಡಿಗೆ 110 ಮೆಗಾಬೈಟಿನವರೆಗೆ ಹರಿಯಬಲ್ಲದು, ಅಂದರೆ 2.0 ಯುಎಸ್‌ಬಿಯ ಮೂರು ಪಟ್ಟು. ಹಳೆಯ ಲ್ಯಾಪ್‌ಟಾಪಿಗೂ ಮಗಳ ಹೊಸ ಲ್ಯಾಪ್‌ಟಾಪಿಗೂ ನಡುವೆ ಒಂದೇ ಕೇಬಲ್ ಹಾಕಿ, ಹೊಸ ಡ್ರೈವನ್ನು ಹೊಸ ಲ್ಯಾಪ್‌ಟಾಪಿಗೇ ಜೋಡಿಸಿ, ಹಳೆಯದರ ಫೋಲ್ಡರನ್ನು ‘ಶೇರ್’ ಮಾಡಿದರೆ ಕಡತಗಳು ಆ ದಾರಿಯಲ್ಲಿ ಬರುತ್ತವೆ. ಗಿಗಾಬಿಟ್ ಪೋರ್ಟುಗಳಿಗೆ ಕ್ರಾಸ್ ಕೇಬಲ್ಲಿನ ಅಗತ್ಯ ಇಲ್ಲ, ಮಾಮೂಲಿ ಕೇಬಲ್ ಸಾಕು. ಆದರೆ ಲ್ಯಾನ್ ಪೋರ್ಟ್ 100 ಮೆಗಾಬಿಟ್ಟಿನದಾಗಿದ್ದರೆ ಸೆಕೆಂಡಿಗೆ 11 ಮೆಗಾಬೈಟ್ ಮಾತ್ರ ಸಿಗುವುದರಿಂದ ಯುಎಸ್‌ಬಿಯೇ ಮೇಲು.

ಎರಡನೆಯದು ಎಕ್ಸ್‌ಪ್ರೆಸ್‌ಕಾರ್ಡ್. ಲ್ಯಾಪ್‌ಟಾಪಿನ ಪಕ್ಕದಲ್ಲಿ 34 ಅಥವಾ 54 ಮಿಲಿಮೀಟರ್ ಅಗಲದ ಸೀಳು ಇದ್ದು, ಅದರೊಳಗೆ ಪ್ಲಾಸ್ಟಿಕ್ಕಿನ ಖಾಲಿ ಕಾರ್ಡೊಂದು ಕೂತಿದ್ದರೆ, ಅದರ ಜಾಗಕ್ಕೆ 3.0 ಪೋರ್ಟ್ ಇರುವ ಕಾರ್ಡ್ ಹಾಕಬಹುದು. ಆ ಕಾಲದ ಸೀಳಿನ ಮಿತಿ ಸೆಕೆಂಡಿಗೆ 250 ಮೆಗಾಬೈಟ್ ಆದ್ದರಿಂದ 3.0ರ ಪೂರ್ಣ ವೇಗ ಸಿಗದು, ಆದರೂ ಲಾಭವೇ. ಇಲ್ಲಿಯೂ ಅದೇ ಹಳೆಯ ಕಥೆ: ಎಕ್ಸ್‌ಪ್ರೆಸ್‌ಕಾರ್ಡಿನ ಸೀಳಿನಲ್ಲಿ 5 ವೋಲ್ಟಿನ ಕರೆಂಟೇ ಇಲ್ಲ, ಇರುವುದು 3.3 ಮತ್ತು 1.5 ವೋಲ್ಟ್. ಆದ್ದರಿಂದ ಪಕ್ಕದಲ್ಲಿ ಪ್ರತ್ಯೇಕ ಪವರ್ ಕಿಂಡಿ ಇರುವ ಕಾರ್ಡನ್ನೇ ಹುಡುಕಬೇಕು.

ಮೂರನೆಯದು ಇ-ಸಾಟಾ, ಯುಎಸ್‌ಬಿ ಇಲ್ಲದೆ ಹೊರಗಿನ ಡಿಸ್ಕ್ ಜೋಡಿಸುವ ಹಳೆಯ ಬಗೆಯ ಪೋರ್ಟ್. ಪೋರ್ಟ್ ನಿಮ್ಮಲ್ಲಿದ್ದರೂ ಇಂದಿನ ಡ್ರೈವುಗಳಲ್ಲಿ ಅದು ಇರುವುದಿಲ್ಲ, ಬೇರೆ ಡಾಕ್ ಕೊಳ್ಳಬೇಕು. ಬಿಟ್ಟುಬಿಡಿ.

ನನ್ನದರಲ್ಲಿ ನೀಲಿ ಪೋರ್ಟ್ ಇದೆ. ಆದರೂ ಏಕೆ ನಿಧಾನ?

ವಿಂಡೋಸ್ 7ರಲ್ಲಿ 3.0 ಬೆಂಬಲ ತಾನಾಗಿಯೇ ಬರುವುದಿಲ್ಲ. ಅದು ಒಳಗೇ ಸೇರಿಕೊಂಡದ್ದು 2012ರ ವಿಂಡೋಸ್ 8ರಿಂದ. ಯಾರೋ ವಿಂಡೋಸ್ 7 ಅನ್ನು ಹೊಸದಾಗಿ ಹಾಕಿಕೊಟ್ಟು, ಪೋರ್ಟನ್ನು ನಡೆಸುವ ‘ಡ್ರೈವರ್’ ಎಂಬ ತಂತ್ರಾಂಶ ಹಾಕದೆ ಬಿಟ್ಟಿದ್ದರೆ ನೀಲಿ ಪೋರ್ಟ್ ಒಂದೋ 2.0ರ ವೇಗದಲ್ಲಿ ನಡೆಯುತ್ತದೆ, ಇಲ್ಲವೇ ಕೆಲಸವನ್ನೇ ಮಾಡುವುದಿಲ್ಲ. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ನಿಮ್ಮ ಮಾದರಿಯ ಡ್ರೈವರ್ ಇಳಿಸಿಕೊಳ್ಳಬೇಕು. ವಿಂಡೋಸಿನ ಬದಲು ಲಿನಕ್ಸ್ ಬಳಸುವವರಿಗೆ 2009ರಿಂದಲೂ ಈ ಚಿಂತೆ ಇಲ್ಲ.

ಇನ್ನೊಂದು ಸಣ್ಣ ಸಂಗತಿಯಿದೆ. 3.0ರ ಹೆಚ್ಚುವರಿ ಐದು ಪಟ್ಟಿಗಳು ಪೋರ್ಟಿನ ಆಳದಲ್ಲಿರುತ್ತವೆ. ಪಿನ್ನನ್ನು ನಿಧಾನವಾಗಿ ತೂರಿಸಿದರೆ ಮುಂದಿನ ನಾಲ್ಕು ಪಟ್ಟಿಗಳು ಮೊದಲು ತಾಗಿ, ಕಂಪ್ಯೂಟರ್ ಅದನ್ನು 2.0 ಸಾಧನವೆಂದೇ ಗುರುತಿಸಿಬಿಡುವುದುಂಟು. ಕಿತ್ತು, ಒಂದೇ ಏಟಿಗೆ ಪೂರ್ತಿ ಒಳಗೆ ತಳ್ಳಿ ನೋಡಿ.

ಡ್ರೈವ್ ಹಾಕಿದ ಕೂಡಲೇ ‘ಫಾರ್ಮ್ಯಾಟ್ ಮಾಡಬೇಕು’ ಎನ್ನುತ್ತದೆ. ಮಾಡಲೇ?

ಬೇಡ. ಒಳಗೆ ಕಡತಗಳಿರುವ ಡ್ರೈವಾದರೆ ‘ಕ್ಯಾನ್ಸಲ್’ ಒತ್ತಿ, ಹೊರಗೆ ತೆಗೆದು, ಹೊಸ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಅಲ್ಲಿ ತೆರೆದುಕೊಂಡರೆ ಡ್ರೈವಿಗೆ ಏನೂ ಆಗಿಲ್ಲ, ನಿಮ್ಮ ಹಳೆಯ ವಿಂಡೋಸಿಗೆ ಅದರ ಭಾಷೆ ಗೊತ್ತಿಲ್ಲ ಅಷ್ಟೆ.

ವಿಂಡೋಸ್ ಎಕ್ಸ್‌ಪಿಯಲ್ಲಿ ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟಿನ ಡ್ರೈವ್ ತೆರೆಯಲು ಮೈಕ್ರೋಸಾಫ್ಟ್ ಕೊಟ್ಟಿದ್ದ ಪ್ರತ್ಯೇಕ ಅಪ್‌ಡೇಟ್ ಬೇಕು. ಅದಿಲ್ಲದಿದ್ದರೆ ತುಂಬಿದ ಡ್ರೈವೂ ಖಾಲಿಯಂತೆ ಕಾಣುತ್ತದೆ. 2 ಟಿಬಿಗಿಂತ ದೊಡ್ಡ ಡ್ರೈವುಗಳು ಸಾಮಾನ್ಯವಾಗಿ ಜಿಪಿಟಿ ಎಂಬ ವಿಭಜನೆಯ ಪದ್ಧತಿಯಲ್ಲಿರುತ್ತವೆ. 32 ಬಿಟ್ಟಿನ ಎಕ್ಸ್‌ಪಿಗೆ ಅದು ತಿಳಿಯದು, ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ‘ಜಿಪಿಟಿ ಪ್ರೊಟೆಕ್ಟಿವ್ ಪಾರ್ಟಿಶನ್’ ಎಂದಷ್ಟೇ ತೋರಿಸಿ ಸುಮ್ಮನಾಗುತ್ತದೆ. ವಿಂಡೋಸ್ 10ರಲ್ಲಿ ಬಿಟ್‌ಲಾಕರ್ ಬೀಗ ಹಾಕಿದ ಡ್ರೈವ್ ವಿಂಡೋಸ್ 7ರಲ್ಲಿ ತೆರೆಯಬೇಕಾದರೆ ಬೀಗ ಹಾಕುವಾಗಲೇ ‘ಕಂಪ್ಯಾಟಿಬಲ್ ಮೋಡ್’ ಆರಿಸಿರಬೇಕು. ಆ್ಯಪಲ್ ಕಂಪ್ಯೂಟರಿನಲ್ಲಿ ಫಾರ್ಮ್ಯಾಟ್ ಆದ ಡ್ರೈವಿನದೂ ಇದೇ ಪಾಡು. ಇಂಥ ಇಕ್ಕಟ್ಟಿನಲ್ಲಿ ಪೆನ್‌ಡ್ರೈವಿನಿಂದಲೇ ಬೂಟ್ ಆಗುವ ಲಿನಕ್ಸ್ ಬಹಳ ಸಲ ನನ್ನ ಕೈ ಹಿಡಿದಿದೆ. ಯಂತ್ರ ಎಷ್ಟೇ ಹಳೆಯದಿದ್ದರೂ ಲಿನಕ್ಸಿಗೆ ಜಿಪಿಟಿ ಗೊತ್ತು, ಅದರ ತಿರುಳಾದ ಕರ್ನಲ್ಲಿನ 5.4ನೇ ಆವೃತ್ತಿಯಿಂದ ಈಚೆಗೆ ಎಕ್ಸ್‌ಫ್ಯಾಟ್ ಕೂಡ ಗೊತ್ತು.

ಹೊಸ ಖಾಲಿ ಡ್ರೈವಿಗೆ ಯಾವ ಫಾರ್ಮ್ಯಾಟ್ ಒಳ್ಳೆಯದು?

ವಿಂಡೋಸ್ ಮಾತ್ರ ಬಳಸುವವರಾದರೆ, ನಮ್ಮ ಕಡೆಗೆ ಎನ್‌ಟಿಎಫ್‌ಎಸ್ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ‘ನಮ್ಮ ಕಡೆಗೆ’ ಎಂದದ್ದಕ್ಕೆ ಕಾರಣವಿದೆ. ಎನ್‌ಟಿಎಫ್‌ಎಸ್ ತಾನು ಮಾಡಹೊರಟ ಬದಲಾವಣೆಗಳನ್ನು ಮೊದಲು ದಿನಚರಿಯಂತೆ ಬರೆದಿಟ್ಟುಕೊಂಡು ಆಮೇಲೆ ಮಾಡುತ್ತದೆ, ಹೀಗಾಗಿ ನಡುವೆ ಕರೆಂಟು ಹೋದರೂ ಕಡತಗಳ ಪಟ್ಟಿ ಸಾಮಾನ್ಯವಾಗಿ ಉಳಿಯುತ್ತದೆ. ಎಕ್ಸ್‌ಫ್ಯಾಟಿಗೆ ಆ ದಿನಚರಿಯಿಲ್ಲ. ಆರಿದ್ರಾ ಮಳೆಗೆ ಮರ ಬಿದ್ದು ದಿನಕ್ಕೆ ಹತ್ತು ಸಲ ಕರೆಂಟು ಹೋಗುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಟಿವಿಗೂ ಆ್ಯಪಲ್ಲಿಗೂ ಹಾಕಬೇಕೆಂದಿದ್ದರೆ ಎಕ್ಸ್‌ಫ್ಯಾಟ್ ಅನಿವಾರ್ಯ. ಫ್ಯಾಟ್32 ಎಲ್ಲೆಡೆ ತೆರೆಯುತ್ತದಾದರೂ 4 ಜಿಬಿ ಮೀರಿದ ಒಂದೇ ಕಡತವನ್ನು ಅದು ಹಿಡಿಯಲಾರದು, ಮದುವೆಯ ವಿಡಿಯೊ ಅದಕ್ಕೆ ಹೋಗುವುದಿಲ್ಲ.

ಸ್ವಂತ ಅಡಾಪ್ಟರ್ ಇರುವ ದೊಡ್ಡ ಮೇಜಿನ ಡ್ರೈವ್ ಕೊಂಡರೆ ಕರೆಂಟಿನ ಚಿಂತೆಯೇ ಇಲ್ಲವಲ್ಲ?

ಮೂರೂವರೆ ಇಂಚಿನ ಆ ಡ್ರೈವುಗಳಿಗೆ 12 ವೋಲ್ಟ್ ಬೇಕಾದ್ದರಿಂದ ಅಡಾಪ್ಟರ್ ಜೊತೆಗೇ ಬರುತ್ತದೆ, ಪೋರ್ಟಿನ ಬಡತನ ಅವಕ್ಕೆ ತಾಗುವುದಿಲ್ಲ. ಆದರೆ ಮನೆಯ ಕರೆಂಟು ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಲೇ ಇರುತ್ತದೆ, ಡ್ರೈವ್ ಮಾತ್ರ ಬರೆಯುತ್ತಿದ್ದಂತೆಯೇ ನಿಂತುಹೋಗುತ್ತದೆ. ಲ್ಯಾಪ್‌ಟಾಪಿನಿಂದಲೇ ಕರೆಂಟ್ ಪಡೆಯುವ ಸಣ್ಣ ಡ್ರೈವಿಗೆ ಈ ಅಪಾಯವಿಲ್ಲ, ಬ್ಯಾಟರಿ ಜೀವಂತವಾಗಿದ್ದರೆ. ಆದ್ದರಿಂದ ಇನ್ವರ್ಟರ್ ಇಲ್ಲದ ಮನೆಗೆ ದೊಡ್ಡ ಡ್ರೈವನ್ನು ನಾನು ಹೇಳುವುದಿಲ್ಲ. ಮೇಲೆ ಹೇಳಿದ ಅಡಾಪ್ಟರ್ ಹಬ್ಬಿಗೂ ಇದೇ ಮಾತು ಅನ್ವಯಿಸುತ್ತದೆ, ಅದನ್ನೂ ಇನ್ವರ್ಟರಿನ ಪ್ಲಗ್ಗಿಗೇ ಹಾಕಿ.

ಹಳೆಯ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಕೊಳ್ಳುವುದು ದಂಡವೇ?

ವೇಗಕ್ಕಾಗಿ ಕೊಂಡರೆ ದಂಡವೇ ಸರಿ, ಏಕೆಂದರೆ 2.0 ಪೋರ್ಟಿನಲ್ಲಿ ಅದೂ ಸೆಕೆಂಡಿಗೆ 35 ಮೆಗಾಬೈಟಿನಲ್ಲೇ ನಡೆಯುತ್ತದೆ. ಆದರೆ ಅದರಲ್ಲಿ ತಿರುಗುವ ತಟ್ಟೆ ಇಲ್ಲ, ಬೈಕಿನ ಚೀಲದಲ್ಲಿ ಘಾಟಿಯ ರಸ್ತೆಯ ಕುಲುಕಾಟವನ್ನು ಅದು ಹಾರ್ಡ್ ಡಿಸ್ಕಿಗಿಂತ ಚೆನ್ನಾಗಿ ತಾಳುತ್ತದೆ. ಸಾಧಾರಣ ವೇಗದ ಸಾಟಾ ಮಾದರಿಯ ಎಸ್‌ಎಸ್‌ಡಿಗಳು ಕರೆಂಟನ್ನೂ ಕಡಿಮೆ ಬೇಡುತ್ತವೆ. ಅತಿ ವೇಗದ ಎನ್‌ವಿಎಂಇ ಮಾದರಿಗಳು ಹಾಗಲ್ಲ, ಕೆಲವು 900 ಮಿಲಿಆಂಪಿಯರನ್ನೂ ಮೀರುತ್ತವೆ. ಹಳೆಯ ಪೋರ್ಟಿಗೆ ಹಾಕಿದಾಗ ಚೆನ್ನಾಗಿಯೇ ಶುರುವಾಗಿ, ದೊಡ್ಡ ಕಡತ ಬರೆಯುವಾಗ ತಟ್ಟನೆ ಮಾಯವಾಗುತ್ತವೆ.

ಥಂಡರ್‌ಬೋಲ್ಟ್ ಡ್ರೈವ್ ಕನ್ವರ್ಟರಿನಲ್ಲಿ ನಡೆಯುತ್ತದೆಯೇ?

ಥಂಡರ್‌ಬೋಲ್ಟ್ ಯುಎಸ್‌ಬಿಗಿಂತ ಬೇರೆಯಾದ ಸಂಪರ್ಕ ಪದ್ಧತಿ. ಯುಎಸ್‌ಬಿಯಲ್ಲೂ ನಡೆಯುತ್ತದೆಂದು ಪೆಟ್ಟಿಗೆಯ ಮೇಲೆ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಕೊಳ್ಳಿ. ಥಂಡರ್‌ಬೋಲ್ಟ್ ಮಾತ್ರ ತಿಳಿದಿರುವ ಡ್ರೈವಿನ ಪಿನ್ನು ಟೈಪ್-ಸಿಯಂತೆಯೇ ಕಂಡರೂ ಯುಎಸ್‌ಬಿ ಪೋರ್ಟಿನಲ್ಲಿ ಅದು ಜೀವ ಹಿಡಿಯುವುದಿಲ್ಲ.

ಡ್ರೈವ್ ಹಾಕಿದಾಗ ವೈರ್‌ಲೆಸ್ ಮೌಸ್ ತಡವರಿಸುತ್ತದೆ. ಏಕೆ?

3.0 ಸಂಪರ್ಕದಿಂದ ಹೊಮ್ಮುವ ಗದ್ದಲ 2.4 ಗಿಗಾಹರ್ಟ್ಸ್ ತರಂಗಗಳಿಗೆ ಅಡ್ಡಿಯಾಗುತ್ತದೆ. ಮೌಸಿನ ಪುಟ್ಟ ರಿಸೀವರನ್ನು ಎದುರು ಬದಿಯ ಪೋರ್ಟಿಗೆ ಬದಲಾಯಿಸಿ.

ಮಳೆಗಾಲದಲ್ಲಿ ವಿಶೇಷ ಎಚ್ಚರ ಬೇಕೇ?

ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಬೀಳುವ ಆಗುಂಬೆ ನಮಗೆ ದೂರವೇನಲ್ಲ. ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುವ ಗಾಳಿ ಪೋರ್ಟಿನ ಲೋಹವನ್ನು ಮಾತ್ರ ಬಿಟ್ಟೀತೇ? ಬಹಳ ದಿನ ಬಳಸದ ಪೋರ್ಟಿನ ಪಟ್ಟಿಗಳು ಮಂಕಾಗಿ ಸಂಪರ್ಕ ತಪ್ಪುತ್ತದೆ. ಲ್ಯಾಪ್‌ಟಾಪನ್ನು ಆಫ್ ಮಾಡಿ, ಚಾರ್ಜರನ್ನೂ ಬ್ಯಾಟರಿಯನ್ನೂ ತೆಗೆದು, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಮೃದುವಾದ ಸಣ್ಣ ಬ್ರಷ್ಷಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹಚ್ಚಿ. ಡ್ರೈವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಒದ್ದೆ ಚೀಲದಿಂದ ತೆಗೆದ ಡ್ರೈವನ್ನು ಆ ಕ್ಷಣವೇ ಜೋಡಿಸಬೇಡಿ. ಸಿಡಿಲಿನ ದಿನ ನಕಲಿನ ಕೆಲಸವೇ ಬೇಡ, ಪ್ಲಗ್ ಕಿತ್ತಿಡಿ.

ಎರಡು ಸಾವಿರ ರೂಪಾಯಿಗೆ 16 ಟಿಬಿ ಎಸ್‌ಎಸ್‌ಡಿ ಆನ್‌ಲೈನಿನಲ್ಲಿ ಸಿಗುತ್ತಿದೆ. ಕೊಳ್ಳಬಹುದೇ?

ಅದು ಮೋಸ. ಒಳಗೆ ಒಂದು ಸಣ್ಣ ಮೆಮೊರಿ ಕಾರ್ಡ್ ಕೂರಿಸಿ, 16 ಟಿಬಿ ಎಂದು ಸುಳ್ಳು ಹೇಳುವಂತೆ ಮಾಡಿರುತ್ತಾರೆ. ತುಂಬಿದ ಮೇಲೆ ಬರೆದದ್ದೆಲ್ಲ ಹಳೆಯದರ ಮೇಲೇ ಬೀಳುತ್ತದೆ, ಹೆಸರುಗಳು ಮಾತ್ರ ಉಳಿಯುತ್ತವೆ. ಅನುಮಾನ ಬಂದ ಡ್ರೈವನ್ನು ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸಿನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶದಿಂದ ಪರೀಕ್ಷಿಸಿ.

ಲ್ಯಾಪ್‌ಟಾಪ್ ಆನ್ ಆಗುವುದೇ ಇಲ್ಲ. ಒಳಗಿನದನ್ನು ಹೊಸ ಡ್ರೈವಿಗೆ ತೆಗೆದುಕೊಳ್ಳಬಹುದೇ?

ಒಳಗಿನ ಡಿಸ್ಕ್ ಸರಿಯಿದ್ದರೆ ತೆಗೆದುಕೊಳ್ಳಬಹುದು. ಹಳೆಯ ಲ್ಯಾಪ್‌ಟಾಪುಗಳಲ್ಲಿ ಬಹುಪಾಲು ಕೆಳಭಾಗದ ಎರಡು ಮೂರು ಸ್ಕ್ರೂ ತೆಗೆದರೆ ಎರಡೂವರೆ ಇಂಚಿನ ಸಾಟಾ ಡಿಸ್ಕ್ ಹೊರಬರುತ್ತದೆ. ಅದನ್ನು ಸಾಟಾದಿಂದ ಯುಎಸ್‌ಬಿಗೆ ಬದಲಾಯಿಸುವ ಕೇಸಿನಲ್ಲಿ ಹಾಕಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರಾಯಿತು. ಇನ್ನೂ ಹಿಂದಿನ ಯಂತ್ರವಾಗಿದ್ದು ಡಿಸ್ಕಿನ ತುದಿಯಲ್ಲಿ ಎರಡು ಸಾಲು ಸೂಜಿಯಂಥ ಪಿನ್ನುಗಳು ಕಂಡರೆ ಅದು ಸಾಟಾಕ್ಕೂ ಹಿಂದಿನ ಐಡಿಇ ಮಾದರಿ, ಅದಕ್ಕೆ ಬೇರೆಯೇ ಕೇಸ್ ಬೇಕು. ಡಿಸ್ಕ್ ಬಿಚ್ಚಿದವರು ಸ್ಕ್ರೂಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಅದರ ಮೇಲೆ ಲ್ಯಾಪ್‌ಟಾಪಿನ ಹೆಸರು ಬರೆದಿಡಿ. ನಮ್ಮ ಅಂಗಡಿಯ ಡಬ್ಬಿಯೊಂದರಲ್ಲಿ ಯಾವುದರದೆಂದು ತಿಳಿಯದ ಸ್ಕ್ರೂಗಳು ಅರ್ಧಕ್ಕೂ ಮೇಲೆ ತುಂಬಿಕೊಂಡಿವೆ.